ಪರದೆಯ ಹಿಂದೆ ಮೂವತ್ತು ಎಣಿಕೆ

ಬೆನ್ನು ಹಿಡಿದುಕೊಂಡು ಬಂದವರನ್ನು ಅತ್ತೆ ಮೊದಲು ಬೈಯುತ್ತಿದ್ದರು, ಆಮೇಲೆ ಮಲಗಿಸುತ್ತಿದ್ದರು. ಬೈಗುಳಕ್ಕೂ ಒಂದು ಕ್ರಮವಿತ್ತು. ಬಗ್ಗಿ ಭಾರ ಎತ್ತಿದವರಿಗೆ ಒಂದು ಥರ, ದಿನವಿಡೀ ಕುರ್ಚಿಗೆ ಅಂಟಿಕೊಂಡು ಕೂತವರಿಗೆ ಇನ್ನೊಂದು ಥರ, "ತಾನಾಗೇ ಹೋಗುತ್ತೆ ಅಂದ್ಕೊಂಡಿದ್ದೆ" ಎನ್ನುವವರಿಗಂತೂ ಎರಡೂ ಸೇರಿಸಿ. ಬೈಸಿಕೊಂಡವರು ಅರ್ಧ ನೋವು ಬಾಗಿಲಲ್ಲೇ ಹೋಯಿತು ಎಂದು ನಗುತ್ತಿದ್ದರು. ಉಳಿದರ್ಧಕ್ಕೆ ಎಣ್ಣೆ ಇತ್ತು.

ಮನೆಯ ಮುಂದಿನ ಕೋಣೆಯೇ ಚಿಕಿತ್ಸೆಯ ಕೋಣೆ. ನಡುವೆ ಮರದ ಉದ್ದನೆಯ ಮೇಜು, ನಲವತ್ತು ವರ್ಷ ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ಒಂದು ಮೂಲೆಗೆ ಹಸಿರು ಪರದೆ, ಅದರ ಹಿಂದೆ ಒಲೆ, ಒಲೆಯ ಮೇಲೆ ನೀರಿನ ಬೋಗುಣಿ, ಬೋಗುಣಿಯೊಳಗೆ ಎಣ್ಣೆಯ ಹಿತ್ತಾಳೆ ಪಾತ್ರೆ. ಎಣ್ಣೆಯನ್ನು ನೇರ ಉರಿಗೆ ಇಡುವ ಹಾಗಿಲ್ಲ, ಬಿಸಿನೀರಿನಲ್ಲಿ ಕೂರಿಸಿಯೇ ಕಾಯಿಸಬೇಕು. ಪಕ್ಕದ ಬೀದಿಯ ವೈದ್ಯರು ನೋಡಿ ಚೀಟಿ ಬರೆದು ಕಳಿಸುತ್ತಿದ್ದರು, ಹೆಚ್ಚಿನವು ಕಟಿಬಸ್ತಿಗೆ. ಹೆಸರು ಕೇಳಿ ಹೆದರಬೇಡಿ. ರೋಗಿಯನ್ನು ಬೋರಲು ಮಲಗಿಸಿ, ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಸೊಂಟದ ಮೇಲೆ ದುಂಡಗೆ ಒಂದು ಕಟ್ಟೆ ಕಟ್ಟುವುದು. ಆ ಕಟ್ಟೆಯೊಳಗೆ ಹದವಾಗಿ ಬಿಸಿಯಾದ ಎಣ್ಣೆ ತುಂಬುವುದು. ಅದು ಆರುತ್ತಾ ಬಂದ ಹಾಗೆ ಹತ್ತಿಯಲ್ಲಿ ಹೀರಿ ತೆಗೆದು ಮತ್ತೆ ಬಿಸಿಯದನ್ನು ಬಿಡುವುದು. ಅರ್ಧ ಗಂಟೆ ಅಲ್ಲಾಡದೆ ಮಲಗಿರಬೇಕು, ಅಷ್ಟೇ. ಅಷ್ಟೇ ಅಂದರೂ ಎಷ್ಟೋ ಜನರಿಗೆ ಬೆನ್ನುನೋವಿಗಿಂತ ಆ ಅರ್ಧ ಗಂಟೆಯೇ ದೊಡ್ಡ ಕಷ್ಟ.

ಸೊಸೆ ಆ ಮನೆಗೆ ಬಂದು ಆರು ವರ್ಷ. ಹಿಟ್ಟು ಕಲಸುವುದು, ಎಣ್ಣೆ ಕಾಯಿಸುವುದು, ಬೆನ್ನು ಒರೆಸುವುದು, ಬಟ್ಟೆ ಒಗೆಯುವುದು ಅವಳ ಪಾಲು. ಎಣ್ಣೆಯ ಬಿಸಿ ನೋಡುವುದು, ಬಿಡುವುದು ಮಾತ್ರ ಅತ್ತೆಯದೇ. ಎಡಗೈಯ ನಾಲ್ಕು ಬೆರಳನ್ನು ಪಾತ್ರೆಯಲ್ಲಿ ಅದ್ದಿ, ಕಣ್ಣು ಮುಚ್ಚಿ, "ಹಾಂ" ಅಂದರೆ ಆಯಿತು. ಮಗ ಹಾಲಿನ ಡೇರಿಯಲ್ಲಿ ಕೆಲಸ ಮಾಡುವವನು; ಒಮ್ಮೆ ಅಲ್ಲಿ ಬಳಸುವಂಥದ್ದೇ ಒಂದು ಥರ್ಮಾಮೀಟರ್ ತಂದುಕೊಟ್ಟ.

"ಹಾಲಿಗೆ ಕೈ ಅದ್ದೋ ಹಾಗಿಲ್ಲ, ಅದಕ್ಕೆ ಬೇಕು. ಬೆನ್ನಿಗೆ ಯಾಕೋ? ಗಾಜಿನ ಕಡ್ಡೀನ ಕೇಳಿ ಎಣ್ಣೆ ಬಿಡೋದಾದ್ರೆ ನಾನ್ಯಾಕೆ ಇರ್ಬೇಕು?" ಎಂದು ಅತ್ತೆ ಅದನ್ನು ಪೆನ್ನುಗಳ ಡಬ್ಬಿಯಲ್ಲಿ ಸಿಕ್ಕಿಸಿದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜೀವ. ಆದರೆ ಆ ಕೈಗುಣದ ಮೇಲೆ ಬೀದಿಗೆ ಬೀದಿಯೇ ನಂಬಿಕೆ ಇಟ್ಟಿತ್ತು.

ಸೊಸೆಗಂತೂ ಅತ್ತೆ ಅಂದರೆ ಪ್ರಾಣ. ಅದಕ್ಕೊಂದು ಕಾರಣವಿತ್ತು. ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ ಅವಳು, ಅತ್ತೆ ಹನ್ನೊಂದು ದಿನ ಕುದಿಸಿ ಇಳಿಸಿ ಆರಿಸಿಟ್ಟಿದ್ದ ಎಣ್ಣೆಯನ್ನು ಪಾತ್ರೆಗೆ ಪಾತ್ರೆಯೇ ನೆಲಕ್ಕೆ ಚೆಲ್ಲಿಬಿಟ್ಟಿದ್ದಳು. ಇನ್ನು ನನ್ನ ಕಥೆ ಮುಗಿಯಿತು ಎಂದು ಗೋಡೆಗೆ ಒರಗಿ ನಿಂತಿದ್ದಾಗ ಅತ್ತೆ ಬಂದರು. ನೆಲ ನೋಡಿದರು, ಅವಳ ಮುಖ ನೋಡಿದರು. "ಕೂತ್ಕೋ" ಎಂದರು. ಕೂತಳು. "ಕಾಲು ಚಾಚು" ಎಂದರು. ನೆಲದ ಎಣ್ಣೆಯನ್ನು ಅಂಗೈಯಲ್ಲಿ ಬಳಿದು ಬಳಿದು ಅವಳ ಪಾದಗಳಿಗೆ ತಿಕ್ಕತೊಡಗಿದರು. "ಇಷ್ಟು ಒಳ್ಳೆ ಎಣ್ಣೆ ಸುಮ್ನೆ ಯಾಕೆ ಹಾಳು ಮಾಡ್ಬೇಕು" ಎಂದರು. ಆಮೇಲೆ ಮೂರು ದಿನ ಬಿಡದೆ ಬೈದರು, ಅದು ಬೇರೆ ವಿಷಯ. ಆ ಕೈಯ ಬಿಸುಪನ್ನು ಸೊಸೆ ಇವತ್ತಿಗೂ ಮರೆತಿರಲಿಲ್ಲ.

ಆ ಕೈಗೆ ಈಗ ಬಿಸಿ ತಿಳಿಯುತ್ತಿರಲಿಲ್ಲ. ಅದು ಗೊತ್ತಿದ್ದದ್ದು ಸೊಸೆಗೆ, ಅವಳು ಹೇಳಿ ಅವಳ ಗಂಡನಿಗೆ. ಅತ್ತೆಗೇ ಗೊತ್ತಿರಲಿಲ್ಲ.

ಎಂಟು ತಿಂಗಳ ಹಿಂದಿನ ಮಾತು. ಹಾರ್ನಪ್ಪ ಅಂತ ಒಬ್ಬ ಬಸ್ ಡ್ರೈವರ್ ಬರುತ್ತಿದ್ದ, ಹದಿನಾರು ವರ್ಷದಿಂದ ಅತ್ತೆಯ ಖಾಯಂ ಬೆನ್ನು. ಬಾಯಿ ತೆರೆದರೆ ಇಡೀ ಬೀದಿಗೆ ಕೇಳಿಸುವ ದನಿ, ಅದಕ್ಕೇ ಆ ಹೆಸರು. ಅವತ್ತು ಎಣ್ಣೆ ಬೀಳುತ್ತಲೇ, "ಅಯ್ಯಯ್ಯೋ ಅಮ್ಮಾ, ಬಿಸಿ! ಬಿಸಿ!" ಎಂದು ಕೂಗಿಕೊಂಡ.

"ಹೂವಿನಂಥ ಮೈ ನೋಡು ಇವಂದು. ಬಸ್ ಓಡಿಸ್ತಾನಂತೆ. ಬಾಯಿ ಮುಚ್ಕೊಂಡು ಮಲ್ಕೊಳೋ" ಎಂದರು ಅತ್ತೆ. ಅವನು ಮಲಗಿದ. ಕೊನೆಗೆ ಒರೆಸುವಾಗ ಸೊಸೆ ನೋಡುತ್ತಾಳೆ, ಸೊಂಟದ ಮೇಲೆ ದುಂಡಗೆ ಕೆಂಪು ಗುರುತು. ಪುಣ್ಯಕ್ಕೆ ಬೊಬ್ಬೆ ಏಳಲಿಲ್ಲ. ಅದೇ ವಾರ ಅತ್ತೆ ಕುದಿಯುವ ಬೋಗುಣಿಯನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲಿ ಇಳಿಸಿದರು, ಇಳಿಸುತ್ತಲೇ ಪಕ್ಕದ ಮನೆಯವರ ಬೆಕ್ಕಿನ ವಿಷಯ ಮಾತಾಡುತ್ತಿದ್ದರು. ಅಂಗೈ ಕೆಂಡದ ಬಣ್ಣಕ್ಕೆ ತಿರುಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಹೇಳಿಬಿಡಬಹುದಿತ್ತು. ಹೇಳುವುದು ಅಂದರೆ ಹೇಗೆ? ಕೈಯೇ ಜೀವನ ಅಂತ ನಂಬಿದವರಿಗೆ ನಿಮ್ಮ ಕೈ ಕೆಟ್ಟಿದೆ ಎನ್ನಲು ಯಾರಿಗೆ ನಾಲಗೆ ಹೊರಳುತ್ತದೆ? ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಯೋಚಿಸಿ ಸೊಸೆ ಒಂದು ಉಪಾಯ ಮಾಡಿದಳು. ಪರದೆಯ ಹಿಂದೆ ತನ್ನ ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ, ಸರಿಯಾದ ಬಿಸಿಗೆ ತಂದು, ಆಮೇಲೆ ಪಾತ್ರೆಯನ್ನು ಅತ್ತೆಯ ಮುಂದೆ ಹಿಡಿಯುವಳು. ಅತ್ತೆ ಬೆರಳು ಅದ್ದಿ, "ತಣ್ಣಗಿದೆ, ಕಾಯಿಸ್ಕೊಂಡು ಬಾ" ಎನ್ನುವರು. ಇವಳು ಮತ್ತೆ ಪರದೆಯ ಹಿಂದೆ ಹೋಗಿ, ಬೋಗುಣಿಗೆ ಸೌಟು ತಾಗಿಸಿ ಟಣ್ ಟಣ್ ಅನ್ನಿಸಿ, ಮನಸ್ಸಿನಲ್ಲೇ ಒಂದರಿಂದ ಮೂವತ್ತರವರೆಗೆ ಎಣಿಸಿ, ಅದೇ ಎಣ್ಣೆಯನ್ನು ಹಾಗೇ ವಾಪಸ್ ತರುವಳು. ಅತ್ತೆ ಮತ್ತೆ ಬೆರಳು ಅದ್ದಿ, ಕಣ್ಣು ಮುಚ್ಚಿ, "ಹಾಂ, ಈಗ ನೋಡು" ಎನ್ನುವರು.

ಎಂಟು ತಿಂಗಳು ಹೀಗೇ ನಡೆಯಿತು. ಯಾರ ಬೆನ್ನೂ ಸುಡಲಿಲ್ಲ. ಸುಟ್ಟಿದ್ದು ಸೊಸೆಯ ಹೆಸರು ಮಾತ್ರ. "ನಮ್ಮ ಸೊಸೆ ಬಂಗಾರ. ಆದ್ರೆ ಕೈ ನಿಧಾನ ನೋಡಿ. ಒಂದು ಸಲಕ್ಕೆ ಎಣ್ಣೆ ಕಾಯಿಸಿ ತಂದದ್ದೇ ಇಲ್ಲ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಸೊಸೆ ಕೇಳಿಸಿಕೊಂಡು ಹಿಟ್ಟು ನಾದುತ್ತಿದ್ದಳು.

ಈಗ ಅವಳ ತಂಗಿಗೆ ಹೆರಿಗೆ. ತಾಯಿಯಿಲ್ಲದ ತವರು, ಇವಳು ಹೋಗಲೇಬೇಕು. ಭಾನುವಾರ ಹೊರಟರೆ ಹದಿನೈದು ದಿನ. ಆ ಹದಿನೈದು ದಿನ ಪರದೆಯ ಹಿಂದೆ ನಿಂತು ಮೂವತ್ತು ಎಣಿಸುವವರು ಯಾರು? ಅತ್ತೆಯೇ ಕಾಯಿಸಿ, ಅತ್ತೆಯೇ ಬೆರಳು ಅದ್ದಿ, ಯಾರದೋ ಬೆನ್ನಿನ ಮೇಲೆ ಸುಡುಸುಡು ಎಣ್ಣೆ ಸುರಿದರೆ ಗತಿ ಏನು? ನಲವತ್ತು ವರ್ಷದ ಹೆಸರು ಒಂದೇ ಮಧ್ಯಾಹ್ನದಲ್ಲಿ ಮಣ್ಣುಪಾಲು, ಸುಟ್ಟುಕೊಂಡವನ ಪಾಡು ಬೇರೆ.

"ನಿಮ್ಮಮ್ಮ. ನೀವೇ ಹೇಳಿ" ಎಂದಳು ಗಂಡನಿಗೆ.

"ನನಗೆ ಜೀವದ ಮೇಲೆ ಆಸೆ ಇದೆ ಕಣೇ" ಎಂದು ಅವನು ಡೇರಿಗೆ ಹೊರಟೇಬಿಟ್ಟ. ಗಂಡಸರು ಇಂಥ ಹೊತ್ತಿನಲ್ಲಿ ಕಾಲಿಗೆ ಬುದ್ಧಿ ಹೇಳುವುದು ಹೊಸದೇನಲ್ಲ ಬಿಡಿ.

ಸೋಮವಾರ ಹೇಳಬೇಕೆಂದುಕೊಂಡಳು, ಆಗಲಿಲ್ಲ. ಮಂಗಳವಾರ ಬಾಯಿಯವರೆಗೆ ಬಂತು. ಅತ್ತೆ ಅಷ್ಟರಲ್ಲಿ, "ತಂಗಿಗೆ ಹಚ್ಚೋಕೆ ಈ ಬಾಟ್ಲಿ ಎಣ್ಣೆ ತಗೊಂಡು ಹೋಗು, ನಿಂಗೆ ಅಂತಲೇ ಬೇರೆ ಕಾಸಿದೀನಿ" ಎಂದು ಬಾಟಲಿ ಮುಂದಿಟ್ಟರು. ಸೊಸೆ ಬಾಟಲಿಯನ್ನು ಚೀಲದೊಳಗೆ ಇಟ್ಟುಕೊಂಡಳು. ಬುಧವಾರವೂ ಕಳೆಯಿತು.

ಗುರುವಾರ ಬೆಳಿಗ್ಗೆ ಅತ್ತೆ ಉದ್ದಿನ ಹಿಟ್ಟಿನ ದೊಡ್ಡ ಡಬ್ಬ ಎತ್ತಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

"ಅತ್ತೇ!"

"ಕೂಗ್ಬೇಡ. ಹಿಡ್ಕೊಂಡಿದೆ" ಎಂದರು ಅತ್ತೆ, ಡಬ್ಬದ ಮುಚ್ಚಳವನ್ನೇ ನೋಡುತ್ತಾ. ಬೇರೆ ಕಡೆ ನೋಡಲು ಆಗುತ್ತಿರಲಿಲ್ಲ.

ಅದೇ ಹೊತ್ತಿಗೆ ಹಾರ್ನಪ್ಪ ಬಾಗಿಲಲ್ಲಿ ಹಾಜರಾದ, ಅವತ್ತು ಅವನ ಸರದಿ. ಒಳಗಿನ ನೋಟ ನೋಡಿ ಒಂದು ಕ್ಷಣ ಬೆರಗಾದ. ಆಮೇಲೆ ಹದಿನಾರು ವರ್ಷ ಬೈಸಿಕೊಂಡದ್ದೆಲ್ಲ ನೆನಪಾಗಿರಬೇಕು. "ಬಗ್ಗಿ ಭಾರ ಎತ್ತಿದ್ರಾ ಅಮ್ಮಾ? ಮೊಣಕಾಲು ಮಡಿಸಿ ಎತ್ತು ಅಂತ ಎಷ್ಟು ಸಲ ಹೇಳ್ಬೇಕು ನಿಮ್ಗೆ? ತಲೇಲಿ ಏನಿದೆ, ಉದ್ದಿನ ಹಿಟ್ಟಾ?"

"ನೆಟ್ಟಗಾದ ಮೇಲೆ ನೋಡ್ಕೋತೀನಿ ನಿನ್ನ" ಎಂದರು ಅತ್ತೆ ಡಬ್ಬಕ್ಕೆ.

ಇಬ್ಬರೂ ಸೇರಿ ಅವರನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲು ಮಲಗಿಸಿದರು. ಹಾರ್ನಪ್ಪ ಓಡಿಹೋಗಿ ವೈದ್ಯರನ್ನು ಕರೆತಂದ. ಅವರು ಒತ್ತಿ ನೋಡಿ, "ಮೂಳೆಗೇನೂ ಆಗಿಲ್ಲ, ಸ್ನಾಯು ಹಿಡಿದಿದೆ. ಕಟಿಬಸ್ತಿ ಮಾಡಿಸ್ಕೊಳ್ಳಿ" ಎಂದು ಚೀಟಿ ಬರೆದು, ಅಭ್ಯಾಸಬಲದಿಂದ ಅದನ್ನು ಅತ್ತೆಯ ಕೈಗೇ ಕೊಟ್ಟು ಹೋದರು. ಹಾರ್ನಪ್ಪ ಹೊರಗಿನ ಬೆಂಚಿನ ಮೇಲೆ ಕೂತ. ಸೊಸೆ ಬಾಗಿಲು ಮುಂದಕ್ಕೆ ಎಳೆದಳು.

ನಲವತ್ತು ವರ್ಷದಲ್ಲಿ ಅತ್ತೆ ಆ ಮೇಜಿನ ಮೇಲೆ ಮಲಗಿದ್ದು ಅದೇ ಮೊದಲು. ಮಲಗಿದರೂ ಬಾಯಿ ಮಲಗಲಿಲ್ಲ. "ಹಿಟ್ಟು ಗಟ್ಟಿ ಇರ್ಲಿ. ಕಿವಿ ತುದಿ ಮುಟ್ಟಿ ನೋಡು, ಆ ಹದ ಬರ್ಬೇಕು. ಹೊಟ್ಟೆ ಕೆಳಗೆ ದಿಂಬು ಇಡು. ಕಟ್ಟೆ ಒಳಗಡೆ ಒದ್ದೆ ಬೆರಳು ಎಳಿ, ಸಂದು ಉಳೀಬಾರ್ದು."

"ಗೊತ್ತು ಅತ್ತೆ."

"ಗೊತ್ತಿದ್ರೆ ಯಾಕೆ ಇಷ್ಟು ನಿಧಾನ?"

ಸೊಸೆ ಅವರ ಸೊಂಟದ ಮೇಲೆ ಕಟ್ಟೆ ಕಟ್ಟಿದಳು, ಪರದೆಯ ಹಿಂದೆ ಹೋದಳು, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟುಕೊಂಡು ನೋಡಿ ಪಾತ್ರೆ ತಂದಳು. ಅತ್ತೆ ಮಲಗಿದಲ್ಲಿಂದಲೇ ಎಡಗೈಯನ್ನು ಮೇಜಿನಿಂದ ಕೆಳಗೆ ಇಳಿಬಿಟ್ಟು, "ತಾ ಇಲ್ಲಿ" ಎಂದು ಬೆರಳು ಅದ್ದಿದರು.

"ತಣ್ಣಗಿದೆ. ಕಾಯಿಸ್ಕೊಂಡು ಬಾ."

ಟಣ್ ಟಣ್. ಒಂದು, ಎರಡು, ಮೂರು. ಮೂವತ್ತು. ತಂದಳು. ಅತ್ತೆ ಮತ್ತೆ ಅದ್ದಿದರು. ಆದರೆ ಇವತ್ತು ಬೆನ್ನು ಅವರದೇ, ನೋವೂ ಅವರದೇ; "ಹಾಂ" ಎನ್ನಲಿಲ್ಲ. "ಇನ್ನೂ ತಣ್ಣಗೇ ಇದೆಯಲ್ಲೇ. ಅತ್ತೆ ಬೆನ್ನು ಅಂತ ಹೆದರ್ತೀಯಾ? ಇಷ್ಟು ತಣ್ಣಂದು ಬಿಟ್ರೆ ನೋವು ಹೋಗಲ್ಲ, ನೆಗಡಿ ಬರುತ್ತೆ. ಚೆನ್ನಾಗಿ ಕಾಯಿಸು."

ಸೊಸೆ ಪಾತ್ರೆ ಹಿಡಿದು ಅಲ್ಲೇ ನಿಂತಳು. ಕಾಯಿಸಿದರೆ ಸುಡುತ್ತದೆ. ಕಾಯಿಸುವುದಿಲ್ಲ ಎಂದರೆ ಯಾಕೆ ಅಂತ ಹೇಳಬೇಕು.

"ಇದಕ್ಕಿಂತ ಕಾಯಿಸಲ್ಲ ಅತ್ತೆ" ಎಂದಳು.

"ಏನಂದೆ?"

"ಇದೇ ಬಿಡ್ತೀನಿ. ಬೈಯೋದಾದ್ರೆ ಬೈಯಿರಿ."

ಆರು ವರ್ಷದಲ್ಲಿ ಎದುರು ಮಾತಾಡದವಳು. ಅತ್ತೆ ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಸೊಸೆ ಕಟ್ಟೆಯ ಅಂಚಿನಿಂದ ಸಣ್ಣ ಧಾರೆಯಾಗಿ ಎಣ್ಣೆ ಇಳಿಸತೊಡಗಿದಳು. ಅತ್ತೆಯ ಬೆನ್ನು ಒಮ್ಮೆ ಜುಮ್ಮೆಂದು ಬಿಗಿಯಿತು, ಮೆಲ್ಲಗೆ ಸಡಿಲವಾಯಿತು.

"ಬಿಸಿ ಇದೆ" ಎಂದರು ಅತ್ತೆ. ಆಶ್ಚರ್ಯದ ದನಿ. ಆಮೇಲೆ, "ಹದವಾಗಿದೆ. ಸರಿಯಾದ ಹದ" ಎಂದರು.

ಹೊರಗೆ ಹಾರ್ನಪ್ಪ ಯಾರೊಂದಿಗೋ ಬಸ್ಸಿನ ಬ್ರೇಕಿನ ವಿಷಯ ಮಾತಾಡುವುದು ಕೇಳುತ್ತಿತ್ತು.

"ಆ ಪಾತ್ರೆ ತಾ ಇಲ್ಲಿ" ಎಂದರು ಅತ್ತೆ.

"ಅತ್ತೆ, ಈಗ ಬೇಡ."

"ತಾ ಅಂದೆ."

ಉಳಿದ ಎಣ್ಣೆಯಲ್ಲಿ ಅತ್ತೆ ಬೆರಳು ಅದ್ದಿದರು. ತೆಗೆಯಲಿಲ್ಲ. ಇಡೀ ಕೈಯನ್ನು ಮುಳುಗಿಸಿ ಹಿಡಿದರು. ಬೆನ್ನು ಬಿಸಿ ಅನ್ನುತ್ತಿತ್ತು, ಅದೇ ಎಣ್ಣೆಯನ್ನು ಕೈ ತಣ್ಣಗಿದೆ ಅನ್ನುತ್ತಿತ್ತು. ನಲವತ್ತು ವರ್ಷ ಇನ್ನೊಬ್ಬರ ಬೆನ್ನು ಹೇಳಿದ್ದನ್ನು ನಂಬದವರು ತಮ್ಮ ಬೆನ್ನನ್ನು ನಂಬದೆ ಇರುವುದು ಹೇಗೆ? ಎದ್ದು ಹೋಗೋಣವೆಂದರೆ ಸೊಂಟದ ಮೇಲೆ ಎಣ್ಣೆಯ ಕೆರೆ. ಅಲ್ಲೇ ಮಲಗಿರಬೇಕು, ಅರ್ಧ ಗಂಟೆ.

"ಎಷ್ಟು ದಿನದಿಂದ?" ಎಂದು ದಿಂಬಿನೊಳಗಿಂದ ಕೇಳಿದರು.

"ಎಂಟು ತಿಂಗಳು."

"ಆ ಟಣ್ ಟಣ್?"

"ಸುಮ್ನೆ. ಮೂವತ್ತರ ತನಕ ಎಣಿಸಿ ಅದೇ ಎಣ್ಣೆ ತರ್ತಿದ್ದೆ. ತಪ್ಪಾಯ್ತು ಅತ್ತೆ. ಹೇಳೋಕೆ ಬಾಯೇ ಬರ್ಲಿಲ್ಲ."

ಅತ್ತೆಯ ಭುಜ ಅಲ್ಲಾಡತೊಡಗಿತು. ಸೊಂಟದ ಮೇಲಿನ ಕಟ್ಟೆಗೆ ಎಡಗಡೆ ಸಣ್ಣ ಬಿರುಕು ಬಿದ್ದು ಎಣ್ಣೆ ಜಿನುಗಿತು.

"ಅತ್ತೆ, ಅಳ್ಬೇಡಿ. ಕಟ್ಟೆ ಒಡೀತಿದೆ" ಎಂದಳು ಸೊಸೆ, ಹಿಟ್ಟು ಮೆತ್ತುತ್ತಾ. ಅವಳ ಕಣ್ಣೀರೂ ಹಿಟ್ಟಿಗೇ ಬೀಳುತ್ತಿತ್ತು.

"ಯಾರೇ ಅಳೋದು?" ಎಂದರು ಅತ್ತೆ, ಅಳುತ್ತಲೇ. "ಎಂಟು ತಿಂಗಳು ನಿನ್ನ ಕೈ ನಿಧಾನ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ನಲ್ಲೇ. ಕೇಳಿಸ್ಕೊಂಡು ಕಲ್ಲಿನ ಹಾಗೆ ಹಿಟ್ಟು ನಾದ್ತಾ ಇದ್ಯಲ್ಲ. ಒಂದು ಸಲ ಆದ್ರೂ ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳ್ಬಾರ್ದಿತ್ತಾ?"

"ನಿಮ್ಮ ಮಗನ ಹತ್ರ ಹೇಳಿಸೋಣ ಅಂತ ನೋಡ್ದೆ. ಜೀವದ ಮೇಲೆ ಆಸೆ ಇದೆ ಅಂದ್ರು."

ಅತ್ತೆಗೆ ಅಳುವಿನ ನಡುವೆಯೇ ನಗು ಉಕ್ಕಿತು. ಅತ್ತಾಗ ಬಿರುಕು ಬಿಟ್ಟಿದ್ದ ಕಟ್ಟೆ ನಕ್ಕಾಗ ಒಡೆದೇಹೋಯಿತು. ಎಣ್ಣೆ ಪಕ್ಕೆಯಿಂದ ಹರಿದು ಮೇಜಿಗೆ ಇಳಿಯಿತು.

"ಹೋಯ್ತಲ್ಲೇ! ಹನ್ನೊಂದು ದಿನದ್ದು!"

ಸೊಸೆ ಒಂದು ಕೈಯಲ್ಲಿ ಕಟ್ಟೆ ಸರಿಮಾಡಿದಳು, ಇನ್ನೊಂದು ಕೈಯಲ್ಲಿ ಮೇಜಿನ ಎಣ್ಣೆ ಬಳಿದುಕೊಂಡಳು. ಮೇಜಿನ ತುದಿಗೆ ಹೋಗಿ ಅತ್ತೆಯ ಪಾದಗಳಿಗೆ ತಿಕ್ಕತೊಡಗಿದಳು. ಒಣಗಿ ಬಿರುಕು ಬಿಟ್ಟ ಪಾದಗಳು. ಊರವರಿಗೆಲ್ಲ ಎಣ್ಣೆ ಹಚ್ಚಿದವರು ತಮಗೆ ಹಚ್ಚಿಕೊಂಡೇ ಇರಲಿಲ್ಲ.

"ಇಷ್ಟು ಒಳ್ಳೆ ಎಣ್ಣೆ ಸುಮ್ನೆ ಯಾಕೆ ಹಾಳು ಮಾಡ್ಬೇಕು" ಎಂದಳು. ಅತ್ತೆಯ ಪಾದ ಅವಳ ಕೈಯಲ್ಲಿ ಹಾಯಾಗಿ ಬಿದ್ದಿತ್ತು.

ಶನಿವಾರದ ಹೊತ್ತಿಗೆ ಅತ್ತೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂರುವಂತಾದರು. ವೈದ್ಯರು ಸೂಜಿಯ ಮೊನೆ ತಾಗಿಸಿ ಬೆರಳುಗಳನ್ನು ಪರೀಕ್ಷೆ ಮಾಡಿ, ನರಗಳು ಸೋತಿವೆ, ಔಷಧ ಕೊಡುತ್ತೇನೆ, ಆದರೆ ಪೂರ್ತಿ ಮೊದಲಿನಂತಾಗುವುದು ಕಷ್ಟ ಎಂದರು. ಅತ್ತೆ ತಲೆಯಾಡಿಸಿದರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ಸೊಸೆ ಎಂದೂ ನೋಡಿರಲಿಲ್ಲ.

ಗುರುವಾರ ತಪ್ಪಿದ ಸರದಿಗೆ ಹಾರ್ನಪ್ಪ ಅವತ್ತು ಬಂದ. ಅತ್ತೆ ಕೂತಲ್ಲೇ ಹಿಟ್ಟು ನಾದಿಕೊಟ್ಟರು. ಹಿಟ್ಟಿನ ಹದ ಆ ಕೈಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಸೊಸೆ ಕಟ್ಟೆ ಕಟ್ಟಿ, ಪಾತ್ರೆ ತಂದು, ಅಭ್ಯಾಸದಂತೆ ಅತ್ತೆಯ ಮುಂದೆ ಹಿಡಿದಳು. ಅತ್ತೆಯ ಎಡಗೈ ಮುಂದೆ ಬಂತು, ಪಾತ್ರೆಯ ಅಂಚಿನಲ್ಲಿ ನಿಂತಿತು. ಆಮೇಲೆ ಆ ಕೈ ಸೊಸೆಯ ಕೈಯನ್ನು ಹಿಡಿದು, ಅವಳ ನಾಲ್ಕು ಬೆರಳನ್ನು ಎಣ್ಣೆಯಲ್ಲಿ ಅದ್ದಿತು.

"ಹೇಳು" ಎಂದರು ಅತ್ತೆ.

"ಹದವಾಗಿದೆ ಅತ್ತೆ."

"ಬಿಡು ಹಾಗಾದ್ರೆ." ಮಲಗಿದ್ದವನ ಕಡೆ ತಿರುಗಿದರು. "ಹಾರ್ನಪ್ಪಾ, ಆವತ್ತು ನಿನ್ನ ಬೆನ್ನು ಸುಟ್ಟಿದ್ದು ನಾನು. ಹೂವಿನಂಥ ಮೈ ಅಂತ ನಿನಗೇ ಬೈದೆ. ತಪ್ಪಾಯ್ತಪ್ಪ. ನನ್ನ ಕೈಗೆ ಬಿಸಿ ತಿಳಿಯೋದಿಲ್ಲ ಈಗ. ಇನ್ಮೇಲೆ ಈ ಮನೆ ಕೈ ಅಂದ್ರೆ ಇವಳದೇ."

ಹಾರ್ನಪ್ಪನ ದನಿ ಅವತ್ತು ಮೊದಲ ಸಲ ಬೀದಿಗೆ ಕೇಳಿಸಲಿಲ್ಲ. "ಬೈಯೋದು ನೀವೇ ತಾನೇ ಅಮ್ಮಾ?" ಎಂದ. "ಅದನ್ನ ಬೇರೆಯವರ ಕೈಗೆ ಕೊಡ್ಬೇಡಿ."

"ಅದು ನಾನು ಸತ್ತ ಮೇಲೂ ನಂದೇ" ಎಂದರು ಅತ್ತೆ.

ಭಾನುವಾರ ಸೊಸೆ ಚೀಲ ಹಿಡಿದು ಹೊರಟಳು. ಹದಿನೈದು ದಿನ ಅತ್ತೆ ಏನು ಮಾಡುತ್ತಾರೆ ಎಂದು ಅವಳು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಯಾರಾದರೂ ನೋವೆಂದು ಗೋಗರೆದರೆ ಮನಸ್ಸು ಕರಗಿ ಮತ್ತೆ ಪಾತ್ರೆ ಹಿಡಿದಾರೇನೋ ಎಂಬ ಅಳುಕು ಒಳಗೆ ಇದ್ದೇ ಇತ್ತು. ಬಾಗಿಲು ದಾಟಿ ಹೊರಗೆ ಬಂದಾಗ ಗಂಡ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಬಾಗಿಲ ಪಕ್ಕದ ಮೊಳೆಗೆ ಒಂದು ರಟ್ಟು ನೇತಾಡುತ್ತಿತ್ತು. ಅತ್ತೆಯ ದಪ್ಪ ದಪ್ಪ ಅಕ್ಷರ, ಸಾಲು ಸ್ವಲ್ಪ ಸೊಟ್ಟ:

"ನಮ್ಮ ಕೈ ತವರಿಗೆ ಹೋಗಿದೆ. ಬರುವವರೆಗೆ ಎಣ್ಣೆ ಬಿಡುವುದಿಲ್ಲ. ಅಲ್ಲಿಯವರೆಗೆ ಯಾರೂ ಭಾರ ಎತ್ತಬೇಡಿ."

ಸೊಸೆ ಓದಿದಳು. ಮತ್ತೊಮ್ಮೆ ಓದಲು ಹೋದಳು, ಅಕ್ಷರ ಕಾಣಿಸಲಿಲ್ಲ, ಕಣ್ಣು ತುಂಬಿತ್ತು.

"ಏನ್ ನೋಡ್ತಾ ನಿಂತೆ? ಬಸ್ಸು ಹೋಗುತ್ತೆ!" ಎಂದು ಒಳಗಿನಿಂದ ಅತ್ತೆ ಗದರಿದರು. ಅವಳು ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡೇ ಕಿಟಕಿಗೆ ಬಂದು ಮತ್ತೆ ಕೂಗಿದರು. "ಏ, ಕೇಳಿಸ್ತಾ? ಅಲ್ಲಿ ಬಿಸಿ ಪಾತ್ರೆ ಬರಿಗೈಯಲ್ಲಿ ಮುಟ್ಬೇಡ. ಕೈ ಜೋಪಾನ!"